ಹಿನ್ನೆಲೆಯೋ ಮುನ್ನೆಲೆಯೋ: ಅತಿಮಾನವ ಚಿತ್ರದ ವಾದ್ಯಸಂಗೀತದ ಮೊದಲ ಕೇಳ್ಮೆ

ಚಲನಚಿತ್ರದಲ್ಲಿ ಮಾತು ಮತ್ತು ಹಾಡುಗಳ ಹೊರತಾಗಿ ಕೇಳಿಬರುವ ಸಂಗೀತವನ್ನು ಕನ್ನಡದಲ್ಲಿ ‘ಹಿನ್ನೆಲೆ ಸಂಗೀತ’ ಎನ್ನುತ್ತೇವೆ. ನಮ್ಮ ಸುತ್ತಲಿನ ತಮಿಳಿನಲ್ಲಿ ಅದು ‘ಪಿನ್ನಣಿ ಇಸೈ’. ನಾನು ಶಾಲೆಯಲ್ಲಿ ಕನ್ನಡದೊಡನೆ ಓದಿದ ಮರಾಠಿಯಲ್ಲಿ ಅದಕ್ಕೆ ‘ಪಾರ್ಶ್ವಸಂಗೀತ’ ಎಂದು ಹೆಸರು. ಮೂರು ಭಾಷೆಗಳೂ ಒಂದೇ ಕೆಲಸ ಮಾಡಿವೆ. ಸಂಗೀತವನ್ನು ಹಿಂದಕ್ಕೋ ಪಕ್ಕಕ್ಕೋ ಸರಿಸಿ, ಮುಂದಿನ ಜಾಗವನ್ನು ನಟನಿಗೆ ಬಿಟ್ಟುಕೊಟ್ಟಿವೆ. ಯಕ್ಷಗಾನದಲ್ಲಿಯೂ ಹಾಡುವವರು, ಬಾರಿಸುವವರು ‘ಹಿಮ್ಮೇಳ’. ವೇಷ ಕಟ್ಟಿ ಕುಣಿಯುವವರು ‘ಮುಮ್ಮೇಳ’. ಆದರೆ ಒಂದು ಇರುಳು ಪೂರ್ತಿ ಆಟ ನೋಡಿದವರಿಗೆ ನಿಜಸ್ಥಿತಿ ತಿಳಿದಿರುತ್ತದೆ. ಹಿಂದೆ ಕುಳಿತ ಭಾಗವತನೇ ಆಟದ ಸೂತ್ರಧಾರ. ಅವನು ಪದ ಎತ್ತದೆ ಅರ್ಜುನನಾಗಲಿ ಕರ್ಣನಾಗಲಿ ಹೆಜ್ಜೆ ಕಿತ್ತಿಡಲಾರರು.

ಈ ಮಾತು ಇಂದಿನ ಅತಿಮಾನವ ಚಿತ್ರಗಳಿಗೂ, ಅಂದರೆ ವಿದ್ಯಾರ್ಥಿಗಳು ‘ಸೂಪರ್‌ಹೀರೋ’ ಚಿತ್ರಗಳೆಂದು ಕರೆಯುವವಕ್ಕೂ, ಹಾಗೆಯೇ ಸಲ್ಲುತ್ತದೆ. ಸೇಲಂ, ಧರ್ಮಪುರಿಗಳ ಚಿತ್ರಮಂದಿರಗಳಲ್ಲಿ ನಮ್ಮ ವಿದ್ಯಾರ್ಥಿಗಳು ಇಂಥ ಚಿತ್ರಗಳನ್ನು ಬಹುಮಟ್ಟಿಗೆ ತಮಿಳು ಧ್ವನಿಯಲ್ಲಿ ನೋಡುತ್ತಾರೆ. ಹೊರಗೆ ಬಂದು ಕಥೆಯನ್ನು, ಹೊಡೆದಾಟವನ್ನು, ಚಿತ್ರತಂತ್ರವನ್ನು ಚರ್ಚಿಸುತ್ತಾರೆ. ಸಂಗೀತದ ಬಗೆಗೆ ಕೇಳಿದರೆ ‘ಚೆನ್ನಾಗಿತ್ತು’ ಎಂಬ ಒಂದೇ ಮಾತು. ಅದು ಏಕೆ ಚೆನ್ನಾಗಿತ್ತು, ಅದು ಏನು ಹೇಳಿತು, ಯಾವ ನೆಲದಿಂದ ಬಂದಿತು ಎಂಬುದನ್ನು ಮೊದಲ ಕೇಳ್ಮೆಯಲ್ಲಿಯೇ ಗುರುತಿಸಲು ಸಾಧ್ಯವಿದೆ. ಸಂಗೀತಶಾಸ್ತ್ರದ ಪಾಂಡಿತ್ಯ ಅದಕ್ಕೆ ಬೇಕಿಲ್ಲ. ಹೊಸ ಭಾಷೆಯೊಂದನ್ನು ಮೊದಲ ಸಲ ಕೇಳುವಾಗ ಬೇಕಾದ ಕಿವಿಯೇ ಇಲ್ಲಿಯೂ ಸಾಕು.

ಮೊದಲು ವಾದ್ಯವೃಂದದ ರಚನೆಯನ್ನು ತಿಳಿಯೋಣ. ಪಾಶ್ಚಾತ್ಯ ವಾದ್ಯವೃಂದದಲ್ಲಿ ನಾಲ್ಕು ಕುಲಗಳಿವೆ: ಪಿಟೀಲು, ವಿಯೋಲ, ಸೆಲ್ಲೋ ಮೊದಲಾದ ತಂತಿವಾದ್ಯಗಳು, ಕೊಳಲು, ಓಬೋ, ಕ್ಲಾರಿನೆಟ್ ಮೊದಲಾದ ಸುಷಿರವಾದ್ಯಗಳು, ಟ್ರಂಪೆಟ್, ಹಾರ್ನ್, ಟ್ರಾಂಬೋನ್ ಎಂಬ ಹಿತ್ತಾಳೆಯ ತುತ್ತೂರಿಗಳು, ಕೊನೆಗೆ ಚರ್ಮ ಮತ್ತು ಲೋಹದ ತಾಳವಾದ್ಯಗಳು. ದೊಡ್ಡ ಚಿತ್ರಕ್ಕೆ ಎಂಬತ್ತು, ನೂರು ಮಂದಿ ವಾದಕರು ಒಟ್ಟಿಗೆ ಕುಳಿತು ನುಡಿಸುವುದುಂಟು. ನಮ್ಮ ಸಂಗೀತದಲ್ಲಿ ಒಂದು ರಾಗ ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನಿಲ್ಲುತ್ತವೆ. ಆದ್ದರಿಂದ ನಮ್ಮ ಕಿವಿ ರಾಗವನ್ನೇ ಹುಡುಕುತ್ತ ಹೋದರೆ ಅರ್ಧ ಸಂಗತಿ ಕೈತಪ್ಪುತ್ತದೆ. ಯಾವ ಕುಲದ ವಾದ್ಯ ಈಗ ಮಾತನಾಡುತ್ತಿದೆ, ಯಾವುದು ಸುಮ್ಮನಿದೆ ಎಂದು ಗಮನಿಸುವುದೇ ಮೊದಲ ಮೆಟ್ಟಿಲು.

ಎರಡನೆಯದು ಸೂಚಕ ಸ್ವರವಾಕ್ಯ. ಒಂದು ಪಾತ್ರಕ್ಕೆ, ಒಂದು ವಸ್ತುವಿಗೆ, ಒಂದು ಭಾವಕ್ಕೆ ಒಂದು ಸಣ್ಣ ಸ್ವರಗುಚ್ಛವನ್ನು ಗೊತ್ತುಮಾಡಿ, ಕಥೆಯುದ್ದಕ್ಕೂ ಅದನ್ನು ಮತ್ತೆ ಮತ್ತೆ ತರುವ ಕ್ರಮ ಇದು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಚನಕಾರ ರಿಚರ್ಡ್ ವಾಗ್ನರ್ ತನ್ನ ಗೀತನಾಟಕಗಳಲ್ಲಿ ಇದನ್ನು ವಿಸ್ತಾರವಾಗಿ ಬಳಸಿದ. ಚಲನಚಿತ್ರ ಅದನ್ನು ಅಲ್ಲಿಂದ ಪಡೆಯಿತು. ನಮಗೆ ಇದು ಅಪರಿಚಿತವೇನಲ್ಲ. ಧರ್ಮಪುರಿಯ ಹಳ್ಳಿಗಳಲ್ಲಿ ದ್ರೌಪದಿ ಅಮ್ಮನ ಹಬ್ಬಕ್ಕೆ ನಡೆಯುವ ತೆರುಕ್ಕೂತ್ತನ್ನು ನೆನೆಯಿರಿ. ಇಬ್ಬರು ಹಿಡಿದ ತೆರೆಯ ಹಿಂದೆ ದುರ್ಯೋಧನ ನಿಂತಿದ್ದಾನೆ. ಅವನ ಮುಖ ಇನ್ನೂ ಕಂಡಿಲ್ಲ. ಮುಖವೀಣೆ, ಮೃದಂಗ, ತಾಳಗಳು ಬಿರುಸಾಗುತ್ತವೆ, ಗೆಜ್ಜೆ ಕೇಳಿಸುತ್ತದೆ, ಅವನು ತೆರೆಯ ಮರೆಯಿಂದಲೇ ಹಾಡಿ ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ತೆರೆ ಸರಿಯುವ ಮೊದಲೇ ಸಭೆಗೆ ಬರುವವನು ಯಾರೆಂದು ತಿಳಿದಿರುತ್ತದೆ. ಯಕ್ಷಗಾನದ ಒಡ್ಡೋಲಗದ ತತ್ತ್ವವೂ ಇದೇ. ವೀರ ಬರುವ ಮುನ್ನ ಅವನ ನಾದ ಬರಬೇಕು.

1978ರಲ್ಲಿ ತೆರೆಕಂಡ ‘ಸೂಪರ್‌ಮ್ಯಾನ್’ ಚಿತ್ರಕ್ಕೆ ಜಾನ್ ವಿಲಿಯಮ್ಸ್ ರಚಿಸಿ, ಲಂಡನ್ ಸಿಂಫನಿ ವಾದ್ಯವೃಂದ ನುಡಿಸಿದ ಸಂಗೀತ ಈ ಬಗೆಯ ಚಿತ್ರಗಳಿಗೆಲ್ಲ ಮಾದರಿಯಾಯಿತು. ಅದರ ಮುಖ್ಯ ಸ್ವರವಾಕ್ಯದಲ್ಲಿ ಷಡ್ಜದಿಂದ ಪಂಚಮಕ್ಕೆ ಏರುವ ಜಿಗಿತ ಎದ್ದು ಕೇಳಿಸುತ್ತದೆ. ಅದನ್ನು ನುಡಿಸುವವು ತುತ್ತೂರಿಗಳು. ಸಾ-ಪಾ ಎಂಬುದು ನಮ್ಮ ತಂಬೂರಿಯಲ್ಲಿ ಸದಾ ಮಿಡಿಯುವ ಜೋಡಿ, ಅಲುಗದ ನೆಲೆ. ಪಶ್ಚಿಮದಲ್ಲಿ ಅದಕ್ಕೆ ಇನ್ನೊಂದು ಚರಿತ್ರೆಯಿದೆ. ಬೇಟೆಯ ಕೊಂಬಿನಲ್ಲಿ, ಸೈನ್ಯದ ಕಹಳೆಯಲ್ಲಿ ರಂಧ್ರಗಳಿಲ್ಲ. ಉಸಿರಿನ ಬಲದಿಂದ ಹೊರಡುವ ಕೆಲವೇ ಸಹಜಸ್ವರಗಳಲ್ಲಿ ಅವು ನುಡಿಯಬೇಕು. ಷಡ್ಜ, ಪಂಚಮ, ಮೇಲಿನ ಷಡ್ಜಗಳು ಆ ಸ್ವರಗಳಲ್ಲಿ ಮುಖ್ಯವಾದವು. ಶತಮಾನಗಳ ಕಾಲ ಯುದ್ಧಭೂಮಿಯಲ್ಲಿಯೂ ಅರಮನೆಯ ಬಾಗಿಲಲ್ಲಿಯೂ ಈ ಜಿಗಿತವನ್ನು ಕೇಳಿದ ಜನಕ್ಕೆ ಅದು ಧೈರ್ಯದ ದನಿಯಾಗಿ ರೂಢಿಯಾಯಿತು. ಆದ್ದರಿಂದ ‘ಹಿತ್ತಾಳೆ ಎಂದರೆ ಶೌರ್ಯ’ ಎಂಬ ಸಮೀಕರಣ ಪ್ರಕೃತಿದತ್ತವಲ್ಲ, ಒಂದು ನಾಡಿನ ನೆನಪು. ಆ ನೆನಪನ್ನು ಚಿತ್ರಗಳು ಜಗತ್ತಿಗೆಲ್ಲ ಹಂಚಿದವು. ಯರ್ಕಾಡಿನ ತಪ್ಪಲಲ್ಲಿ ಕುಳಿತ ನಮಗೂ ಈಗ ಅದು ನಮ್ಮದೇ ಎನಿಸುತ್ತದೆ.

ಖಳನಾಯಕನಿಗೂ ಇಂಥದೇ ಗುರುತು ಬೇಕು. 2008ರ ‘ದ ಡಾರ್ಕ್ ನೈಟ್’ ಚಿತ್ರಕ್ಕೆ ಹಾನ್ಸ್ ಝಿಮ್ಮರ್ ಮತ್ತು ಜೇಮ್ಸ್ ನ್ಯೂಟನ್ ಹೋವರ್ಡ್ ಜೊತೆಯಾಗಿ ಸಂಗೀತ ನೀಡಿದರು. ಅದರಲ್ಲಿ ಜೋಕರ್ ಎಂಬ ಖಳನ ಗುರುತು ಬಹುಮಟ್ಟಿಗೆ ಒಂದೇ ಸ್ವರ. ಸೆಲ್ಲೋದ ತಂತಿಯ ಮೇಲೆ ಅದು ನಿಧಾನವಾಗಿ ಬಿಗಿಯುತ್ತ ಹೋಗುತ್ತದೆ, ಎಲ್ಲಿಯೂ ಬಿಡುಗಡೆಯಾಗುವುದಿಲ್ಲ. ಮೊದಲ ಸಲ ಕೇಳಿದಾಗ ಇದು ಸಂಗೀತವೋ ಯಂತ್ರದ ಸದ್ದೋ ಎಂಬ ಅನುಮಾನ ಬರುತ್ತದೆ; ಆ ಅನುಮಾನದಿಂದಲೇ ಭಯ ಹುಟ್ಟುತ್ತದೆ. ವೀರನ ವಾಕ್ಯ ಪೂರ್ಣವಿರಾಮದಲ್ಲಿ ಮುಗಿದರೆ ಖಳನ ವಾಕ್ಯ ಮುಗಿಯದೆ ಉಳಿಯುತ್ತದೆ.

ಇಷ್ಟು ಹಿನ್ನೆಲೆಯೊಡನೆ ಈ ಲೇಖನದ ಮುಖ್ಯ ಉದಾಹರಣೆಗೆ ಬರಬಹುದು. 2018ರಲ್ಲಿ ಬಂದ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ನಾಯಕ ವಕಾಂಡಾ ಎಂಬ ಕಲ್ಪಿತ ಆಫ್ರಿಕನ್ ರಾಜ್ಯದ ದೊರೆ, ಹೆಸರು ಟಿಚಾಲಾ. ಸಂಗೀತ ರಚಿಸಿದವರು ಸ್ವೀಡನ್ನಿನ ಲುಡ್ವಿಗ್ ಗೊರಾನ್ಸನ್. ಕೆಲಸಕ್ಕೆ ತೊಡಗುವ ಮೊದಲು ಅವರು ಪಶ್ಚಿಮ ಆಫ್ರಿಕದ ಸೆನೆಗಲ್ ದೇಶಕ್ಕೆ ಹೋಗಿ, ಅಲ್ಲಿನ ಪ್ರಸಿದ್ಧ ಗಾಯಕ ಬಾಬಾ ಮಾಲ್ ಅವರ ತಂಡದೊಡನೆ ತಿರುಗಾಡಿ ವಾದಕರನ್ನು ಕೇಳಿದರು. ಈ ಸಂಗೀತಕ್ಕೆ 2019ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು.

ಮೊದಲ ಕೇಳ್ಮೆಯಲ್ಲಿ ನನ್ನ ಕಿವಿಯನ್ನು ಹಿಡಿದು ನಿಲ್ಲಿಸಿದ್ದು ತುತ್ತೂರಿಯಲ್ಲ, ತಂತಿಗಳ ಅಲೆಯಲ್ಲ. ಒಂದು ಪುಟ್ಟ ಚರ್ಮವಾದ್ಯ. ಅದರ ಹೆಸರು ತಮಾ. ನಡು ಸಣ್ಣಗಾಗಿ ಎರಡೂ ತುದಿ ಅಗಲವಾದ ಈ ವಾದ್ಯವನ್ನು ವಾದಕ ಕಂಕುಳಲ್ಲಿ ಇರುಕಿಕೊಳ್ಳುತ್ತಾನೆ. ಎರಡು ಮುಖಗಳನ್ನು ಬಿಗಿದ ಹಗ್ಗಗಳನ್ನು ತೋಳಿನಿಂದ ಒತ್ತಿದರೆ ಚರ್ಮ ಬಿಗಿದು ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಹೀಗೆ ಮಾತಿನ ಲಯವನ್ನೂ ಏರಿಳಿತವನ್ನೂ ಅನುಕರಿಸಬಲ್ಲುದರಿಂದ ಇದನ್ನು ‘ಮಾತಾಡುವ ಮದ್ದಳೆ’ಗಳ ಸಾಲಿಗೆ ಸೇರಿಸುತ್ತಾರೆ. ನೈಜೀರಿಯದ ಯೊರುಬಾದಂಥ ಭಾಷೆಗಳಲ್ಲಿ ಸ್ವರದ ಏರಿಳಿತದಿಂದಲೇ ಪದದ ಅರ್ಥ ಬದಲಾಗುವುದರಿಂದ, ಅಲ್ಲಿ ಇಂಥ ವಾದ್ಯಗಳು ಗಾದೆಗಳನ್ನೂ ಹೊಗಳಿಕೆಯ ಹೆಸರುಗಳನ್ನೂ ನಿಜವಾಗಿ ‘ನುಡಿಯುತ್ತವೆ’. ಚಿತ್ರದಲ್ಲಿ ತಮಾ ನುಡಿಸಿದವರು ಬಾಬಾ ಮಾಲ್ ತಂಡದ ಮಸಾಂಬಾ ಡಿಯೋಪ್. ಅವರ ಪೆಟ್ಟುಗಳು ಹೇಳುವುದು ‘ಟಿಚಾಲಾ’ ಎಂಬ ಹೆಸರನ್ನೇ. ನಾಯಕ ಕಾಣಿಸುವಾಗ ವಾದ್ಯ ಅವನನ್ನು ಹೆಸರು ಹಿಡಿದು ಕರೆಯುತ್ತದೆ. ಆಮೇಲೆ ವಾದ್ಯವೃಂದ ಎದ್ದು ಆ ಕರೆಗೆ ಓಗೊಡುತ್ತದೆ.

ಇಲ್ಲಿ ಆದ ಬದಲಾವಣೆಯನ್ನು ಗಮನಿಸಬೇಕು. ಪರದೇಶದ ಕಥೆಗೆ ಪರದೇಶದ ವಾದ್ಯವನ್ನು ಒಗ್ಗರಣೆಯಂತೆ ಸೇರಿಸುವುದು ಚಲನಚಿತ್ರಗಳ ಹಳೆಯ ರೂಢಿ. ಮರುಭೂಮಿ ಕಂಡರೆ ಒಂದು ನಾಗಸ್ವರದಂಥ ದನಿ, ಕಾಡು ಕಂಡರೆ ಒಂದಿಷ್ಟು ಡೋಲು. ಆಳುವುದು ಮಾತ್ರ ವಾದ್ಯವೃಂದ. ಈ ಚಿತ್ರದಲ್ಲಿ ಹಾಗಾಗಲಿಲ್ಲ. ವೀರನ ಹೆಸರನ್ನು ಹೇಳುವ ಅಧಿಕಾರ ತಮಾಗೆ ದೊರೆಯಿತು. ತುತ್ತೂರಿಗಳು ಅದರ ಬೆಂಬಲಕ್ಕೆ ನಿಂತವು. ರಚನಕಾರರು ಹೊರಗಿನವರು ನಿಜ. ಆದರೆ ವಾದ್ಯವನ್ನು ಬಲ್ಲವನ ಕೈಗೇ ಅದನ್ನು ಕೊಟ್ಟು, ಅದು ಮಾತನಾಡುವ ಬಗೆಯನ್ನೇ ರಚನೆಯ ಬುನಾದಿ ಮಾಡಿಕೊಂಡರು.

ಅದೇ ಚಿತ್ರದ ಎದುರಾಳಿ ಕಿಲ್‌ಮಂಗರ್‌ಗೆ ಸಿಕ್ಕಿದ್ದು ಫುಲಾ ಜನರ ಕೊಳಲು. ಫುಲಾ ಜನರದು ಪಶ್ಚಿಮ ಆಫ್ರಿಕದ ಪಶುಪಾಲಕ ಪರಂಪರೆ. ವಾದಕ ಈ ಕೊಳಲಿನೊಳಕ್ಕೆ ಬರಿಯ ಉಸಿರನ್ನಷ್ಟೇ ಅಲ್ಲದೆ ಕೂಗನ್ನೂ ಪಿಸುಮಾತನ್ನೂ ಊದುತ್ತಾನೆ. ಆಫ್ರಿಕದ ಮೂಲದಿಂದ ಕತ್ತರಿಸಿ ಅಮೆರಿಕದ ನಗರದಲ್ಲಿ ಬೆಳೆದ ಆ ಪಾತ್ರಕ್ಕೆ ಈ ಕೊಳಲಿನ ಜೊತೆಗೆ ಇಂದಿನ ನಗರದ ಯಂತ್ರತಾಳವನ್ನೂ ಹೊಂದಿಸಿದ್ದಾರೆ. ಅವನ ಊರು ಎರಡು ಎಂಬುದನ್ನು ಸಂಭಾಷಣೆಗಿಂತ ಮೊದಲು ಸಂಗೀತ ಹೇಳಿಬಿಡುತ್ತದೆ. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿಯ ನಡುವೆ ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ತಮಾದ ರೂಪವನ್ನು ಓದುವಾಗ ನಿಮ್ಮಲ್ಲಿ ಹಲವರಿಗೆ ಉಡುಕ್ಕೈ ನೆನಪಾಗಿರಬೇಕು. ಆಡಿ ತಿಂಗಳಲ್ಲಿ ಸೇಲಂ ಕೋಟೆ ಮಾರಿಯಮ್ಮನ ಹಬ್ಬ ಬಂದಾಗ ಊರಿಗೆ ಊರೇ ಕೇಳುವ ವಾದ್ಯಗಳಲ್ಲಿ ಅದೂ ಒಂದು. ಅದೂ ಸಣ್ಣ ನಡುವಿನ ವಾದ್ಯ. ಎಡಗೈಯಲ್ಲಿ ಹಿಡಿದು, ಹುರಿಯನ್ನು ಒತ್ತಿ ಸಡಿಲಿಸಿ, ಬಲಗೈ ಬೆರಳುಗಳಿಂದ ನುಡಿಸುತ್ತಾರೆ. ಒತ್ತಿದಂತೆ ದನಿ ಬಾಗುತ್ತದೆ. ಕೊಂಗು ನಾಡಿನ ವೀರಸೋದರರಾದ ಪೊನ್ನರ್-ಶಂಕರರ ‘ಅಣ್ಣನ್ಮಾರ್ ಕಥೆ’ಯನ್ನು ಹಾಡುವುದು ಈ ಉಡುಕ್ಕೈಯ ಜೊತೆಯಲ್ಲಿಯೇ. 1965ರಲ್ಲಿ ಕೆನಡಾದ ಮಾನವಶಾಸ್ತ್ರಜ್ಞೆ ಬ್ರೆಂಡಾ ಬೆಕ್ ಆ ಮಹಾಕಥನವನ್ನು ಕಲಾವಿದರ ಬಾಯಿಂದಲೇ ಧ್ವನಿಮುದ್ರಿಸಿಕೊಂಡರು. ಕನ್ನಡದ ಕಡೆಗೆ ತಿರುಗಿದರೆ, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಕೈಯಲ್ಲಿ ತಂಬೂರಿ, ಗಗ್ಗರಗಳ ಜೊತೆಗೆ ಇದೇ ಬಳಗದ ಡಕ್ಕೆ ಇದೆ. ಮೇಟೂರಿನಾಚೆ ಬೆಟ್ಟ ಹತ್ತಿದರೆ ಸಿಗುವ ಮಲೆ ಮಹದೇಶ್ವರನಿಗೆ ದೇವರಗುಡ್ಡರ ಕಂಸಾಳೆಯೇ ಗುರುತು. ನಮ್ಮ ಜಿಲ್ಲೆಗಳ ಭಕ್ತರಿಗೆ ಅದರ ಝಣತ್ಕಾರ ಕೇಳಿದರೆ ಸಾಕು, ಮಾದಪ್ಪ ಬಂದಂತೆ. ತುಮಕೂರು, ಚಿತ್ರದುರ್ಗ ಸೀಮೆಯ ಕಾಡುಗೊಲ್ಲರ ವೀರ ಜುಂಜಪ್ಪನಿಗೆ ಗಣೆ ಎಂಬ ನೀಳವಾದ ಬಿದಿರುಕೊಳಲಿದೆ. ಫುಲಾ ಪಶುಪಾಲಕರ ಕೊಳಲಿಗೂ ಗೊಲ್ಲರ ಗಣೆಗೂ ಚರಿತ್ರೆಯ ನಂಟಿರಬೇಕಿಲ್ಲ. ದನ ಕಾಯುವ ಬದುಕು ಎರಡೂ ಕಡೆ ಬಿದಿರಿಗೋ ಬಳ್ಳಿಗೋ ಉಸಿರು ತುಂಬಿ, ಬಯಲಿನ ಆಚೆಗೆ ಕೇಳುವಂಥ ದನಿಯನ್ನು ಕಂಡುಕೊಂಡಿತು. ನಾನು ಹುಡುಗನಾಗಿ ಕೇಳಿದ ಮರಾಠಿ ಪೋವಾಡಾಗಳಲ್ಲಿಯೂ ಶಾಹೀರ ಬಾಯಿ ತೆರೆಯುವ ಮೊದಲು ಡಫ್ ಮತ್ತು ತುಣತುಣೆ ಮಾತು ತೆಗೆಯುತ್ತಿದ್ದವು. ಬರುವುದು ವೀರಗಾಥೆ ಎಂದು ಅಷ್ಟರಿಂದಲೇ ತಿಳಿಯುತ್ತಿತ್ತು.

ಅಂದರೆ ಅತಿಮಾನವನೂ ಅವನ ಸೂಚಕನಾದವೂ ನಮ್ಮ ನೆಲಕ್ಕೆ ಹೊಸತಲ್ಲ. ಸೇಲಂ ನಗರಕ್ಕಂತೂ ಚಲನಚಿತ್ರ ಸಂಗೀತವೇ ಹೊಸತಲ್ಲ. ಟಿ. ಆರ್. ಸುಂದರಂ ಅವರು 1930ರ ದಶಕದಲ್ಲಿ ಯರ್ಕಾಡು ರಸ್ತೆಯಲ್ಲಿ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಸಾಹಸಚಿತ್ರಗಳಿಗೆ ಹೆಸರಾಗಿತ್ತು. 1950ರ ‘ಮಂತಿರಿ ಕುಮಾರಿ’ಗೆ ಜಿ. ರಾಮನಾಥನ್, 1956ರಲ್ಲಿ ವರ್ಣದಲ್ಲಿ ಬಂದ ‘ಆಲಿಬಾಬಾವುಂ 40 ತಿರುಡರ್ಗಳುಂ’ ಚಿತ್ರಕ್ಕೆ ಎಸ್. ದಕ್ಷಿಣಾಮೂರ್ತಿ ಸಂಗೀತ ನೀಡಿದರು. ಈಗ ಅಲ್ಲಿ ಉಳಿದಿರುವುದು ಮುಂಬಾಗಿಲ ಕಮಾನು. ಕನ್ನಡದಲ್ಲಿ 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಪತ್ತೇದಾರ ಸಿಐಡಿ 999 ಆಗಿ ಬಂದಾಗ, ಆ ಹೊಸ ಬಗೆಯ ವೀರನಿಗೆ ತಕ್ಕ ನಾದವನ್ನು ಒದಗಿಸಿದವರು ಜಿ. ಕೆ. ವೆಂಕಟೇಶ್. ಇತ್ತೀಚೆಗೆ, 2022ರ ‘ಕಾಂತಾರ’ದಲ್ಲಿ ಬಿ. ಅಜನೀಶ್ ಲೋಕನಾಥ್ ಅವರ ಸಂಗೀತದ ನಡುವೆ ದೈವದ ಒಂದು ಕೂಗು ಹೇಗೆ ಇಡೀ ಚಿತ್ರದ ಸೂಚಕವಾಯಿತೆಂಬುದನ್ನು ನೋಡಿದವರೆಲ್ಲ ಬಲ್ಲರು. ಆ ಕೂಗಿಗೆ ಅರ್ಥಕೋಶ ಬೇಕಾಗಲಿಲ್ಲ.

ಇನ್ನು ಧ್ವನಿಮರುಲೇಪನದ, ಅಂದರೆ ಡಬ್ಬಿಂಗಿನ, ಸಂಗತಿ. ಒಂದು ಚಿತ್ರವನ್ನು ಬೇರೆ ಭಾಷೆಗೆ ತರುವಾಗ ಸಂಭಾಷಣೆಯ ಧ್ವನಿಪಟ್ಟಿ ಬೇರೆ, ಸಂಗೀತ ಮತ್ತು ಇತರ ಸದ್ದುಗಳ ಧ್ವನಿಪಟ್ಟಿ ಬೇರೆಯಾಗಿರುತ್ತದೆ. ಮೊದಲನೆಯದನ್ನು ತೆಗೆದು ಹೊಸದನ್ನು ಕೂಡಿಸುತ್ತಾರೆ. ಎರಡನೆಯದು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. 2021ರ ಡಿಸೆಂಬರಿನಲ್ಲಿ ಬಂದ ಮಲಯಾಳದ ‘ಮಿನ್ನಲ್ ಮುರಳಿ’ ಕನ್ನಡ, ತಮಿಳು, ತೆಲುಗು, ಹಿಂದಿ ಧ್ವನಿಗಳಲ್ಲಿಯೂ ದೊರೆಯಿತು. ಹಳ್ಳಿಯ ದರ್ಜಿ ಜೈಸನ್‌ಗೂ ಚಹದಂಗಡಿಯ ಆಳು ಶಿಬುವಿಗೂ ಒಂದೇ ದಿನ ಸಿಡಿಲು ಬಡಿದು ಒಂದೇ ಬಗೆಯ ಶಕ್ತಿ ಬರುತ್ತದೆ. ಒಬ್ಬ ಊರ ರಕ್ಷಕನಾಗುತ್ತಾನೆ, ಇನ್ನೊಬ್ಬ ಊರಿಗೆ ಬೆಂಕಿಯಾಗುತ್ತಾನೆ. ಸುಷಿನ್ ಶ್ಯಾಮ್ ಅವರ ಹಿನ್ನೆಲೆ ಸಂಗೀತವನ್ನು ಮೊದಲ ಸಲ ಕೇಳಿದಾಗ ನನಗೆ ಹಿಡಿಸಿದ್ದು ಒಂದು ಸಂಯಮ: ಊರೆಲ್ಲ ದೂರವಿಟ್ಟ ಶಿಬುವನ್ನು ಖಂಡಿಸಲು ಸಂಗೀತ ಅವಸರಪಡುವುದಿಲ್ಲ. ಮಾತು ಅವನನ್ನು ಹುಚ್ಚನೆಂದು ಕರೆಯುವಾಗ ಸಂಗೀತ ಅವನ ಒಂಟಿತನದ ಕಡೆ ನಿಲ್ಲುತ್ತದೆ. ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲಿ ಕೇಳಿದರೂ ಆ ನಿಲುವು ಬದಲಾಗುವುದಿಲ್ಲ.

ಇದರಿಂದ ‘ಸಂಗೀತಕ್ಕೆ ಭಾಷೆಯಿಲ್ಲ’ ಎಂಬ ಜನಪ್ರಿಯ ಮಾತು ನಿಜವೆಂದು ತೋರಬಹುದು. ನಾನು ಅದನ್ನು ಒಪ್ಪಲಾರೆ. ತಮಾ ಟಿಚಾಲಾ ಎನ್ನುತ್ತದೆ ಎಂಬುದು ತಿಳಿಯದವನಿಗೆ ಅದು ಇಂಪಾದ ಪೆಟ್ಟು ಮಾತ್ರ. ತಿಳಿದವನಿಗೆ ಅದು ಕರೆ. ಅದೇ ಚಿತ್ರದಲ್ಲಿ ವಕಾಂಡಾ ಮೊದಲ ಬಾರಿಗೆ ಕಾಣಿಸುವಾಗ ಬಾಬಾ ಮಾಲ್ ಫುಲಾ ಭಾಷೆಯಲ್ಲಿ ಹಾಡುತ್ತಾರೆ. ಸತ್ತ ಆನೆಯನ್ನು ಕುರಿತ ಆ ಹಾಡು ತೀರಿಕೊಂಡ ದೊರೆಯನ್ನು ಸೂಚಿಸುತ್ತದೆ. ಭಾಷೆ ಬಲ್ಲವನಿಗೆ ಅದು ಚರಮಗೀತೆ; ನಮಗೆ ಭವ್ಯವಾದ ಒಂದು ಮುಂಜಾವು. ಅನುವಾದವಾಗದೆ ಉಳಿದದ್ದೆಲ್ಲ ಅರ್ಥವಿಲ್ಲದ್ದಲ್ಲ. ಅದರ ಅರ್ಥ ಬಲ್ಲವರು ಇರುವ ತನಕ ಮಾತ್ರ ಅದು ಮಾತು, ಆಮೇಲೆ ಬರಿಯ ಸದ್ದು.

ಇಲ್ಲಿಯೇ ನಮ್ಮ ವಿಭಾಗಕ್ಕೆ ಸಂಬಂಧಿಸಿದ ಪ್ರಶ್ನೆ ಏಳುತ್ತದೆ. ಸೆನೆಗಲ್ಲಿನಲ್ಲಿ ವಾದ್ಯ ಬಾಯಿಯ ಮಾತನ್ನು ನುಡಿಯಿತು. ನಮ್ಮಲ್ಲಿ ಬಾಯಿ ವಾದ್ಯದ ಮಾತನ್ನು ನುಡಿಯುತ್ತದೆ. ‘ತ ಧಿ ತೊಂ ನಂ’ ಎಂಬ ಸೊಲ್ಲುಕಟ್ಟುಗಳನ್ನು ಮೊದಲು ನಾಲಗೆಗೆ ತಂದುಕೊಂಡೇ ಶಿಷ್ಯ ಮೃದಂಗಕ್ಕೆ ಕೈ ಹಾಕುತ್ತಾನೆ. ಶಾಸ್ತ್ರೀಯ ವಾದ್ಯಗಳ ಸೊಲ್ಲುಗಳು ಪುಸ್ತಕಗಳಲ್ಲಿ ಸಿಗುತ್ತವೆ. ಆದರೆ ಉಡುಕ್ಕೈಯ ಸೊಲ್ಲು? ತೆರುಕ್ಕೂತ್ತಿನಲ್ಲಿ ದುರ್ಯೋಧನನ ಪ್ರವೇಶಕ್ಕೂ ಕರ್ಣನ ಪ್ರವೇಶಕ್ಕೂ ಮೃದಂಗದವನು ಮಾಡುವ ಭೇದ? ಸೇಲಂ ನಗರದ ದೇವಾಂಗ ನೇಕಾರರ ಚೌಡೇಶ್ವರಿ ಹಬ್ಬದಲ್ಲಿ ವೀರಕುಮಾರರು ಅಲಗು ಹಿಡಿದು ಸಾಗುವಾಗ ವಾದ್ಯದ ಗತಿ ಬದಲಾಗುವ ಕ್ರಮ? ಇವು ಇರುವುದು ಕೆಲವು ಹಿರಿಯರ ಕೈಯಲ್ಲಿ, ಕಿವಿಯಲ್ಲಿ. ಅವರ ಮನೆಯ ಮಕ್ಕಳು ನಮ್ಮ ತರಗತಿಯಲ್ಲಿದ್ದಾರೆ. ಟಿಚಾಲಾನ ಹೆಸರನ್ನು ಬಲ್ಲರು, ಅಜ್ಜನ ವಾದ್ಯ ಯಾರ ಹೆಸರನ್ನು ಕರೆಯುತ್ತದೆಂದು ಕೇಳಿಲ್ಲ. ಇದಕ್ಕೆ ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಯಾವ ಪಠ್ಯಪುಸ್ತಕವೂ ಅವರನ್ನು ಈ ಪ್ರಶ್ನೆ ಕೇಳಿಲ್ಲ.

ಆದ್ದರಿಂದ ಮೊದಲ ಕೇಳ್ಮೆಗೆ ಒಂದು ಸರಳ ಕ್ರಮವನ್ನು ಸೂಚಿಸುತ್ತೇನೆ. ಮುಂದಿನ ಅತಿಮಾನವ ಚಿತ್ರವನ್ನು ನೋಡಿ ಬಂದ ಮೇಲೆ ಅದರ ಸಂಗೀತವನ್ನಷ್ಟೇ ಇನ್ನೊಮ್ಮೆ, ಚಿತ್ರವಿಲ್ಲದೆ ಕೇಳಿರಿ. ನಾಲ್ಕು ಸಂಗತಿಗಳನ್ನು ಕಾಗದದ ಮೇಲೆ ಬರೆಯಿರಿ: ನಾಯಕನನ್ನು ಕರೆಯುವ ವಾದ್ಯ ಯಾವುದು, ಆ ವಾದ್ಯ ಯಾವ ನೆಲದ್ದು, ಅದು ಕಥೆಯುದ್ದಕ್ಕೂ ಕರೆಯುತ್ತದೆಯೋ ಹಬ್ಬದ ದೃಶ್ಯಕ್ಕೆ ಮಾತ್ರ ಬಂದು ಹೋಗುತ್ತದೆಯೋ, ಸಂಗೀತ ಎಲ್ಲಿ ಪೂರ್ತಿ ನಿಂತುಹೋಯಿತು. ಕೊನೆಯದನ್ನು ಮರೆಯಬೇಡಿರಿ. ವಾದ್ಯವೃಂದ ಮೌನವಾಗುವ ಜಾಗದಲ್ಲಿ ರಚನಕಾರನ ವಿವೇಕ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ಬಳಿಕ ಅದೇ ಕಾಗದದ ಹಿಂಬದಿಯಲ್ಲಿ ನಿಮ್ಮ ಊರಿನ ಒಂದು ವಾದ್ಯಕ್ಕೆ ಇವೇ ಪ್ರಶ್ನೆಗಳನ್ನು ಹಾಕಿರಿ. ನುಡಿಸುವವರ ಒಪ್ಪಿಗೆ ಪಡೆದು ಅವರ ಪಕ್ಕದಲ್ಲಿ ಕುಳಿತು, ‘ತಾತಾ, ಈ ಪೆಟ್ಟು ಏನು ಹೇಳುತ್ತದೆ?’ ಎಂದು ಕೇಳಿರಿ. ಅವರು ಹೇಳಿದ ಸೊಲ್ಲನ್ನು ಕನ್ನಡ ಲಿಪಿಯಲ್ಲಿ, ಹ್ರಸ್ವ-ದೀರ್ಘಗಳು ತಪ್ಪದಂತೆ ಬರೆದುಕೊಳ್ಳಿರಿ. ತಮಿಳಿನಲ್ಲಿ ಹೇಳಿದರೆ ತಮಿಳಿನಲ್ಲಿಯೇ, ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲಿಯೇ ಇರಲಿ. ಬರುವ ಆಡಿ ಹಬ್ಬ ಮುಗಿದ ಮೇಲೆ ಆ ಕಾಗದಗಳನ್ನು ವಿಭಾಗಕ್ಕೆ ತಂದುಕೊಡಿ. ಬಂದದ್ದನ್ನೆಲ್ಲ ಊರು, ವಾದ್ಯಗಳ ಹೆಸರಿನೊಡನೆ ಇದೇ ವಾರ್ತಾಪತ್ರದಲ್ಲಿ ಪ್ರಕಟಿಸೋಣ.